ನೆಲದ ದೂರ ಹೇಳುತ್ತಿದ್ದ ಕಾರು

ಈ ವರ್ಷದ ಯುಗಾದಿ ಕಾರ್ಯಕ್ರಮದ ದಿನ, ಸಭಾಂಗಣದ ಹೊರಗೆ ನಿಲ್ಲಿಸಿದ್ದ ನನ್ನ ಹಳೆಯ ನೀಲಿ ಕಾರಿನ ಸುತ್ತ ಒಂದಷ್ಟು ಮಂದಿ ನೆರೆದಿದ್ದರು. ಮಕ್ಕಳಿಗೆ ಅದರ ಸದ್ದು ಕೇಳುವ ಆಸೆ, ದೊಡ್ಡವರಿಗೆ ಅದರ ಬೆಲೆ ಕೇಳುವ ಆಸೆ. ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ ಬಂದ ಹಿರಿಯರೊಬ್ಬರು, "ಡಾಕ್ಟ್ರೇ, ಈ ವಯಸ್ಸಿನಲ್ಲಿ ನಿಮಗೆ ಈ ಹುಚ್ಚು ಎಲ್ಲಿಂದ ಹಿಡಿಯಿತು? ಒಂದು ಹೊಸ ಕಾರು ತಗೋಬಾರದೇ?" ಎಂದು ಕೇಳಿದರು. ಊಟದ ಸಾಲು ಮುಂದೆ ಸಾಗುತ್ತಿತ್ತು, ನಕ್ಕು ತಪ್ಪಿಸಿಕೊಂಡೆ. ಅದನ್ನು ಕೇಳಿಸಿಕೊಂಡ ನಮ್ಮ ವಾರ್ತಾಪತ್ರದ ಸಂಪಾದಕ ಮಿತ್ರರು, "ಆ ಉತ್ತರವನ್ನು ಬರೆದುಕೊಡಿ" ಎಂದು ಬೆನ್ನುಹತ್ತಿದರು. ಸಂಘದ ಆರೋಗ್ಯ ಶಿಬಿರಗಳಲ್ಲಿ ನನ್ನನ್ನು ಕಂಡವರು ರಕ್ತದೊತ್ತಡದ ಬಗೆಗೋ ಸಕ್ಕರೆ ಕಾಯಿಲೆಯ ಬಗೆಗೋ ಲೇಖನವನ್ನು ನಿರೀಕ್ಷಿಸಬಹುದು. ಇದು ಒಂದು ಕಾರಿನ ಕಥೆ. ಕೊನೆಯಲ್ಲಿ ವೈದ್ಯನ ಮಾತೂ ಸ್ವಲ್ಪ ಬರುತ್ತದೆ, ಕ್ಷಮೆಯಿರಲಿ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಎಂಬತ್ತರ ಹತ್ತಿರದ ಹಿರಿಯರೊಬ್ಬರಿದ್ದಾರೆ. ಸ್ಯಾಕ್ರಮೆಂಟೊ ನಗರಕ್ಕೆ ಉತ್ತರದಲ್ಲಿ, ಸುಮಾರು 40 ಮೈಲಿ ದೂರದಲ್ಲಿರುವ ಬೀಲ್ ವಾಯುನೆಲೆಯಲ್ಲಿ ವಿಮಾನಗಳ ನಿರ್ವಹಣೆಯ ಕೆಲಸ ಮಾಡಿ ನಿವೃತ್ತರಾದವರು. 2023ರ ಶರತ್ಕಾಲದಲ್ಲಿ ಅವರ ಕೊಟ್ಟಿಗೆಯಲ್ಲಿ ಟಾರ್ಪಾಲಿನ ಅಡಿಯಲ್ಲಿದ್ದ 1988ರ ಫೋರ್ಡ್ ಮಸ್ಟಾಂಗನ್ನು ನನಗೆ ತೋರಿಸಿದರು. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿ, ಅವರಿಗೆ ಸ್ಪ್ಯಾನರ್ ಹಿಡಿಯಲೂ ಆಗುತ್ತಿರಲಿಲ್ಲ. ಕಾರಿಗೆ ಮಾಸಿದ ಕೆಂಪು ಬಣ್ಣ. ಸೀಟುಗಳನ್ನು ಇಲಿ ಕಚ್ಚಿತ್ತು. ಟೈರುಗಳು ನೆಲಕ್ಕೆ ಅಂಟಿದ್ದವು. "ಇದು ಪೊಲೀಸ್ ಕಾರಿನಂತೆ ತಯಾರಾದದ್ದು. ಆದರೆ ಕಳ್ಳರ ಹಿಂದೆ ಓಡಲಿಲ್ಲ, ವಿಮಾನದ ಹಿಂದೆ ಓಡಿತು" ಎಂದರು. ವಯಸ್ಸಾದವರ ಮಾತು ಎಂದುಕೊಂಡು ನಾನು ಮೊದಲು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಬೀಲ್ ವಾಯುನೆಲೆ ಯು-2 ವಿಮಾನಗಳ ಮನೆ. 1955ರಲ್ಲಿ ಮೊದಲು ಹಾರಿದ ಈ ಬೇಹುಗಾರಿಕೆ ವಿಮಾನ 70,000 ಅಡಿಗಳಿಗೂ ಮೇಲೆ ಹಾರಬಲ್ಲದು. ಅಂದರೆ ನಾವು ಊರಿಗೆ ಹೋಗುವಾಗ ಕೂರುವ ವಿಮಾನದ ಎತ್ತರಕ್ಕೆ ಹೆಚ್ಚುಕಡಮೆ ಎರಡರಷ್ಟು. ಅದಕ್ಕೆ ಭಾರತದ ನಂಟೂ ಇದೆ. 1962ರ ಯುದ್ಧದ ನಂತರ, 1964ರಲ್ಲಿ, ಒಡಿಶಾದ ಚಾರ್ಬಾಟಿಯಾ ನೆಲೆಯಿಂದ ಚೀನಾ ಗಡಿಯತ್ತ ಯು-2 ಹಾರಿತ್ತೆಂಬುದು 2013ರಲ್ಲಿ ಬಹಿರಂಗವಾದ ಸಿಐಎ ದಾಖಲೆಗಳಿಂದ ತಿಳಿದುಬಂತು.

ಅಷ್ಟು ಎತ್ತರಕ್ಕೆ ಏರುವ ವಿಮಾನಕ್ಕೆ ಇಳಿಯುವುದೇ ಕಷ್ಟ. ತೂಕ ಉಳಿಸಲೆಂದು ಅದಕ್ಕೆ ಸೈಕಲ್ಲಿನಂತೆ ಒಂದರ ಹಿಂದೊಂದು ಚಕ್ರಗಳನ್ನಷ್ಟೇ ಇಟ್ಟಿದ್ದಾರೆ. ರೆಕ್ಕೆಗಳ ಅಗಲ ನೂರು ಅಡಿಗಳಿಗೂ ಹೆಚ್ಚು. ಮೇಲೇರುವಾಗ ರೆಕ್ಕೆಗಳಿಗೆ ಊರುಗೋಲಿನಂತಿರುವ ಪುಟ್ಟ ಚಕ್ರಗಳು ರನ್‌ವೇಯಲ್ಲಿಯೇ ಕಳಚಿ ಬೀಳುತ್ತವೆ. ಉದ್ದನೆಯ ರೆಕ್ಕೆಗಳಿಂದಾಗಿ ವಿಮಾನ ನೆಲದ ಹತ್ತಿರ ಬಂದರೂ ತೇಲುತ್ತಲೇ ಇರುತ್ತದೆ. ನೆಲದಿಂದ ಎರಡು ಅಡಿಯಷ್ಟು ಮೇಲಿದ್ದಾಗ ಪೈಲಟ್ ಅದರ ತೇಲುವ ಬಲವನ್ನು ಮುರಿದು ಕೆಳಗಿಳಿಸಬೇಕು. ಆ ಪೈಲಟ್ಟಾದರೋ ಹಲವು ಗಂಟೆಗಳ ಹಾರಾಟದಿಂದ ದಣಿದವನು, ಗಗನಯಾತ್ರಿಯಂತೆ ಶಿರಸ್ತ್ರಾಣ, ಒತ್ತಡದ ಉಡುಪು ತೊಟ್ಟು ಕುಳಿತವನು. ಅವನಿಗೆ ತನ್ನ ಕೆಳಗಿನ ನೆಲ ಸರಿಯಾಗಿ ಕಾಣುವುದಿಲ್ಲ.

ಆದ್ದರಿಂದ ಒಂದು ಕಾರು ರನ್‌ವೇಯ ಪಕ್ಕದಲ್ಲಿ ಕಾದಿರುತ್ತದೆ. ಅದನ್ನು ಓಡಿಸುವವನೂ ಯು-2 ಪೈಲಟ್ಟೇ. ವಿಮಾನ ದಾಟಿದೊಡನೆ ಕಾರು ಅದರ ಬೆನ್ನಹಿಂದೆ ನುಗ್ಗಿ, ಗಂಟೆಗೆ ನೂರು ಮೈಲಿಗೂ ಮೀರಿದ ವೇಗದಲ್ಲಿ ಓಡುತ್ತದೆ. ಓಡಿಸುವವನು ಚಕ್ರಕ್ಕೂ ನೆಲಕ್ಕೂ ನಡುವಿನ ಅಂತರವನ್ನು ಕಣ್ಣಳತೆಯಲ್ಲಿಯೇ ಅಳೆದು ರೇಡಿಯೋದಲ್ಲಿ ಹೇಳುತ್ತಾನೆ: ಹತ್ತು, ಎಂಟು, ಐದು, ಮೂರು, ಎರಡು. ಮೊದಲು ಸ್ಟೇಷನ್ ವ್ಯಾಗನ್‌ಗಳು, ಆಮೇಲೆ ಶೆವ್ರೊಲೆ ಎಲ್ ಕಮಿನೋಗಳು ಈ ಕೆಲಸ ಮಾಡಿದವು. 1980ರ ದಶಕದಲ್ಲಿ ಮಸ್ಟಾಂಗ್ ಬಂತು.

"ಆ ಹೊತ್ತಿನಲ್ಲಿ ಕಾರಿನವನು ಬೇರೇನನ್ನೂ ಹೇಳುವುದಿಲ್ಲ" ಎಂದರು ನಮ್ಮ ನೆರೆಯವರು. "ಹೆದರಬೇಡ ಎನ್ನುವುದಿಲ್ಲ, ಚೆನ್ನಾಗಿ ಇಳಿಸುತ್ತಿದ್ದೀಯ ಎನ್ನುವುದಿಲ್ಲ. ಅಂಕಿ ಮಾತ್ರ."

ಅಂದು ಈ ಮಾತು ನನಗೆ ಒಂದು ಸ್ವಾರಸ್ಯಕರ ಸಂಗತಿಯಾಗಿಯಷ್ಟೇ ಕೇಳಿಸಿತ್ತು.

ಅವರು ಕೇಳಿದ್ದು ಅಲ್ಪ ಬೆಲೆ, ಷರತ್ತು ಎರಡು. ಕಾರನ್ನು ಮತ್ತೊಬ್ಬರಿಗೆ ಲಾಭಕ್ಕೆ ಮಾರಕೂಡದು. ಡ್ಯಾಶ್‌ಬೋರ್ಡಿನಲ್ಲಿ ರೇಡಿಯೋ ಕೂರಿಸಲು ಕೊರೆದಿದ್ದ ರಂಧ್ರಗಳನ್ನು ಮುಚ್ಚಕೂಡದು. ಎರಡಕ್ಕೂ ಒಪ್ಪಿದೆ.

ಮಸಲ್ ಕಾರು ಎಂದರೆ ಹಗುರ ಮೈಗೆ ಭಾರಿ ಎಂಜಿನ್ ಎಂದು ಸ್ಥೂಲವಾಗಿ ಹೇಳಬಹುದು. ಈ ಮಸ್ಟಾಂಗಿನದು ಎಂಟು ಸಿಲಿಂಡರಿನ, ಐದು ಲೀಟರಿನ, 225 ಅಶ್ವಶಕ್ತಿಯ ಎಂಜಿನ್. ಭಾರವಾದ ಪೊಲೀಸ್ ಸೆಡಾನ್‌ಗಳಿಂದ ವೇಗದ ಕಾರುಗಳನ್ನು ಹಿಡಿಯಲಾಗದೆ ಕ್ಯಾಲಿಫೋರ್ನಿಯಾದ ಹೆದ್ದಾರಿ ಪೊಲೀಸರು 1982ರಲ್ಲಿ ಮಸ್ಟಾಂಗ್‌ಗಳನ್ನು ಕೊಂಡರು. ಅವರಿಗಾಗಿ ಫೋರ್ಡ್ ರೂಪಿಸಿದ ಮಾದರಿಗೆ ಸ್ಪೆಷಲ್ ಸರ್ವಿಸ್ ಪ್ಯಾಕೇಜ್ ಎಂದು ಹೆಸರು. 1993ರವರೆಗೆ ಸುಮಾರು 15,000 ಕಾರುಗಳು ಹೀಗೆ ತಯಾರಾದವು. ಅವುಗಳಲ್ಲಿ ವಾಯುಪಡೆಗೆ ಹೋದವು ಬೆರಳೆಣಿಕೆಯಷ್ಟು.

ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗದು. ಬಿಚ್ಚುತ್ತ ಹೋದಂತೆ ಗೊತ್ತಾಗುತ್ತದೆ. ಆ ವರ್ಷಗಳ ಸಾಮಾನ್ಯ ಮಸ್ಟಾಂಗಿನ ಸ್ಪೀಡಾಮೀಟರ್ 85 ಮೈಲಿಗೇ ನಿಲ್ಲುತ್ತಿತ್ತು. ಇದರದು ಪ್ರಮಾಣೀಕರಿಸಿದ್ದು, 140ರವರೆಗೆ. ಎಂಜಿನ್ ಆಯಿಲ್ ತಣಿಸಲು ಬೇರೆಯೇ ಕೂಲರ್. ಶಾಖಕ್ಕೆ ಸುಲಭವಾಗಿ ಬಿರಿಯದ ಸಿಲಿಕೋನ್ ಕೊಳವೆಗಳು, ಅವನ್ನು ಬಿಗಿಯಲು ವಿಮಾನದಲ್ಲಿ ಬಳಸುವಂಥ ಕ್ಲ್ಯಾಂಪುಗಳು. ರೇಡಿಯೋದಲ್ಲಿ ಗರಗರ ಸದ್ದು ಬಾರದಿರಲೆಂದು ಬಾನೆಟ್ಟಿಗೂ ಮೈಗೂ ನಡುವೆ ಲೋಹದ ಪಟ್ಟಿಗಳು. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ವಿಶೇಷ ಆರ್ಡರಿನ ಸಂಖ್ಯೆ. ಕೆಂಪು ಬಣ್ಣವನ್ನು ಮರಳುಕಾಗದದಿಂದ ಉಜ್ಜಿದಾಗ ಕೆಳಗೆ ನೀಲಿ ಕಾಣಿಸಿತು. ಆ ದಿನ ನೆರೆಯವರು ತಮ್ಮ ಸೊಟ್ಟ ಬೆರಳಿನಿಂದ ಆ ನೀಲಿಯನ್ನು ಮುಟ್ಟಿ, ಮಾತಾಡದೆ ಮನೆಗೆ ಹೋದರು.

ನೆಲದ ತಗಡಿನ ತುಕ್ಕು, ಸೀಟು, ಬ್ರೇಕು, ಯಾರೋ ಅಡ್ಡಾದಿಡ್ಡಿ ಕತ್ತರಿಸಿದ್ದ ತಂತಿಗಳು ಇವಕ್ಕೆಲ್ಲ ಆ ಚಳಿಗಾಲ ಹಿಡಿಯಿತು. ವಾರಾಂತ್ಯ ಆಸ್ಪತ್ರೆಯ ಪಾಳಿಯಿಲ್ಲದಾಗ ಸ್ವಲ್ಪ, ಉಚಿತ ಚಿಕಿತ್ಸಾಲಯದಿಂದ ಬಂದ ಮೇಲೆ ಸ್ವಲ್ಪ. ಫೆಬ್ರವರಿಯಲ್ಲಿ ಎಂಜಿನ್ ಚಾಲೂ ಆಯಿತು. ಜೊತೆಗೇ ಒಂದು ಸದ್ದು: ಟಿಕ್ ಟಿಕ್ ಟಿಕ್. ನೋಡಿದ ಮೆಕ್ಯಾನಿಕ್ ಒಬ್ಬರು, ಒಳಗಿನ ಭಾಗ ಸವೆದಿದೆ, ಎಂಜಿನ್ ಇಳಿಸಿ ಬಿಚ್ಚಬೇಕು ಎಂದು ದೊಡ್ಡ ಮೊತ್ತವನ್ನೇ ಹೇಳಿದರು.

ಆಗ ನೆನಪಾದವರು ಅಪ್ಪ.

ನಮ್ಮಪ್ಪ ಹಾಸನದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಸಾರಿಗೆ ಸಂಸ್ಥೆಗೆ ಇನ್ನೂ ಮೈಸೂರು ರಾಜ್ಯದ ಹೆಸರೇ ಇದ್ದಾಗ ಸೇರಿ, ಕರ್ನಾಟಕದ ಹೆಸರಿನಲ್ಲಿ ನಿವೃತ್ತರಾದರು. ಟಾಟಾ, ಲೇಲ್ಯಾಂಡ್ ಬಸ್ಸುಗಳ ಎಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರ್ ಆನಿಸಿ, ಅದರ ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಆಲಿಸುತ್ತಿದ್ದ ಅವರನ್ನು ಚಿಕ್ಕಂದಿನಲ್ಲಿ ಬೆರಗಿನಿಂದ ನೋಡಿದ್ದೇನೆ. ವಾಟ್ಸಾಪಿನಲ್ಲಿ ಎಂಜಿನ್ ಸದ್ದು ಕಳಿಸಿದೆ. ಐದು ನಿಮಿಷದಲ್ಲಿ ಕರೆ ಬಂತು.

"ತಣ್ಣಗಿದ್ದಾಗ ಹೆಂಗೆ, ಬಿಸಿ ಆದ್ಮೇಲೆ ಹೆಂಗೆ?"

"ಬಿಸಿಯಾದ ಮೇಲೆ ಸ್ವಲ್ಪ ಕಡಮೆ ಆಗುತ್ತೆ ಅಪ್ಪಾ."

"ಹಂಗಾದ್ರೆ ಅದು ಟ್ಯಾಪೆಟ್ ಅಲ್ಲ ಕಣೋ. ಎಲ್ಲೋ ಹೊಗೆ ಸೋರ್ತಿದೆ. ಕಬ್ಬಿಣ ಕಾದು ಹಿಗ್ಗಿದ್ರೆ ಸಂದು ಮುಚ್ಕಳತ್ತೆ, ಸದ್ದು ಕಮ್ಮಿ ಆಗತ್ತೆ. ನಿನ್ ಸ್ಟೆತಸ್ಕೋಪ್ ಇದೆಯಲ್ಲ, ಅದರಲ್ಲಿ ನೋಡು."

ಮೈಸೂರಿನಲ್ಲಿ ಎಂಬಿಬಿಎಸ್ ಎರಡನೆಯ ವರ್ಷಕ್ಕೆ ಬಂದಾಗ ಅಪ್ಪ ತಮ್ಮ ಓವರ್‌ಟೈಮ್ ಹಣದಲ್ಲಿ ಕೊಡಿಸಿದ್ದ ಸ್ಟೆತಸ್ಕೋಪ್ ಅದು. ಈಗ ಆಸ್ಪತ್ರೆಗೆ ಬೇರೆಯದನ್ನು ಒಯ್ಯುತ್ತೇನೆ. ಇದು ಮೇಜಿನ ಖಾನೆಯಲ್ಲಿತ್ತು. ಎದೆಗಿಡುವ ಬಿಲ್ಲೆಯನ್ನು ತೆಗೆದು, ಬರಿಯ ನಳಿಕೆಯ ತುದಿಯನ್ನು ಎಂಜಿನ್ನಿನ ಬದಿಯಲ್ಲಿ ಸರಿಸುತ್ತ ಹೋದೆ. ಬಲಬದಿಯಲ್ಲಿ, ಹಿಂದಿನಿಂದ ಎರಡನೆಯ ಸಿಲಿಂಡರಿನ ಬಳಿ, ಎಕ್ಸಾಸ್ಟ್ ಕೊಳವೆ ಎಂಜಿನ್ನಿಗೆ ಸೇರುವಲ್ಲಿ ಉಸಿರು ಚಿಮ್ಮುವಂಥ ಸ್ಪಷ್ಟ ಸದ್ದು. ಗ್ಯಾಸ್ಕೆಟ್ ಸುಟ್ಟಿತ್ತು. ಎಂಜಿನ್ ಬಿಚ್ಚುವ ಪ್ರಮೇಯವೇ ಇರಲಿಲ್ಲ.

ಅಲ್ಲಿಂದ ನಾಲ್ಕು ತಿಂಗಳು ಅಪ್ಪನೂ ನಾನೂ ಹಿಂದೆಂದೂ ಮಾತಾಡದಷ್ಟು ಮಾತಾಡಿದೆವು. ತುಕ್ಕು ಹಿಡಿದ ಬೋಲ್ಟುಗಳಲ್ಲಿ ಎರಡು ಮುರಿದವು. "ಅವಸರ ಮಾಡಬೇಡ, ರಾತ್ರಿ ಎಣ್ಣೆ ಬಿಟ್ಟು ಮಲಗು, ಬೆಳಗ್ಗೆ ಅದೇ ಬರತ್ತೆ" ಎಂಬಂಥ ಧ್ವನಿಸಂದೇಶಗಳು ಬರುತ್ತಿದ್ದವು. ಪ್ರತಿ ಕರೆಯ ಮೊದಲಿಗೆ "ಹೇಗಿದ್ದೀರಪ್ಪಾ?" ಎಂದು ಕೇಳುತ್ತಿದ್ದೆ. "ಚೆನ್ನಾಗಿದೀನಿ" ಎನ್ನುತ್ತಿದ್ದರು. ಮುಂದಿನ ಮಾತೆಲ್ಲ ಕಾರಿನದು.

ಜೂನ್ ತಿಂಗಳ ಒಂದು ರಾತ್ರಿ ಹೊಸ ಗ್ಯಾಸ್ಕೆಟ್ ಕೂರಿಸುತ್ತಿದ್ದೆ. ಎಂಟು ಬೋಲ್ಟುಗಳನ್ನು ಯಾವ ಕ್ರಮದಲ್ಲಿ ಬಿಗಿಯಬೇಕೆಂದು ಅಪ್ಪ ಕಳಿಸಿದ್ದ ಸಂದೇಶ ಹುಡುಕಲು, ಕೈಗೆ ಮಸಿಯಾಗಿದ್ದರಿಂದ ಮೊದಲಿನಿಂದ ಒಂದೊಂದನ್ನೇ ಕೇಳುತ್ತ ಬಂದೆ. ಫೆಬ್ರವರಿಯ ಸಂದೇಶ: "ನೋಡು ಮಗಾ, ಮೊದ್ಲು ಬ್ಯಾಟರಿ ವೈರ್ ಬಿಚ್ಚು, ಆಮೇಲೆ ಎಂಜಿನ್ ಪೂರ್ತಿ ತಣ್ಣಗಾಗೋವರ್ಗೂ ಕಾಯಿ." ಒಂದೇ ಉಸಿರು. ಏಪ್ರಿಲ್‌ನಲ್ಲಿ ನಡುವೆ ಒಂದು ನಿಲುಗಡೆ. ಜೂನ್‌ನದು: "ನಡುವಿನ ಬೋಲ್ಟಿಂದ ಶುರುಮಾಡು..." ಉಸಿರು. "ಎರಡೂ ಕಡೆಗೆ ಸ್ವಲ್ಪಸ್ವಲ್ಪವೇ..." ಉಸಿರು. "ಬಿಗಿ ಮಾಡ್ತಾ ಹೋಗು."

ಮೂರು ಮಾತಿಗೊಂದು ಉಸಿರು. ತುರ್ತುಚಿಕಿತ್ಸಾ ವಿಭಾಗದಲ್ಲಿ ಹೀಗೆ ಮಾತಾಡುವ ರೋಗಿಯನ್ನು ಕಂಡರೆ ನಾನು ಕುರ್ಚಿಯಿಂದ ಏಳುತ್ತೇನೆ. ನಾಲ್ಕು ತಿಂಗಳು ಅದೇ ಧ್ವನಿಯನ್ನು ಕೇಳಿಯೂ ನನಗೆ ಬೋಲ್ಟು ಮಾತ್ರ ಕೇಳಿಸಿತ್ತು.

ಇಲ್ಲಿ ರಾತ್ರಿ ಹತ್ತು, ಹಾಸನದಲ್ಲಿ ಬೆಳಗಿನ ಹತ್ತೂವರೆ. ಅಕ್ಕನಿಗೆ ಫೋನ್ ಮಾಡಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ಮಾರ್ಚ್‌ನಿಂದ ಅಪ್ಪ ಮಹಡಿ ಹತ್ತುವುದನ್ನು ಬಿಟ್ಟಿದ್ದಾರೆ. ದೇವಸ್ಥಾನದ ದಾರಿಯಲ್ಲಿ ಎರಡು ಕಡೆ ಕೂರುತ್ತಾರೆ. ಒಂದು ದಿಂಬು ಸಾಲದೆಂದು ಮೂರು ದಿಂಬು ಇಟ್ಟುಕೊಂಡು ಮಲಗುತ್ತಾರೆ. "ವಯಸ್ಸಾಯ್ತಲ್ಲ ಅಂದ್ಕೊಂಡೆ ಕಣೋ. ನಿನಗೆ ಹೇಳ್ಬೇಡ ಅಂತ ಬೇರೆ ಹೇಳಿದ್ರು."

ಮರುದಿನ ಮಾಡಿಸಿದ ಎಕೋ ಪರೀಕ್ಷೆಯಲ್ಲಿ ಕಾರಣ ಸಿಕ್ಕಿತು. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲು ಮಹಾಪಧಮನಿಯ ಕವಾಟ. ಸಾಮಾನ್ಯವಾಗಿ ಅದು ಮೂರರಿಂದ ನಾಲ್ಕು ಚದರ ಸೆಂಟಿಮೀಟರ್ ತೆರೆಯುತ್ತದೆ. ಕೆಲವರಲ್ಲಿ ವಯಸ್ಸಾದಂತೆ ಸುಣ್ಣದಂಶ ಕೂಡಿಕೊಂಡು ಗಡುಸಾಗುತ್ತದೆ. ಒಂದು ಚದರ ಸೆಂಟಿಮೀಟರಿಗಿಂತ ಕಡಮೆಯಾದರೆ ತೀವ್ರವೆನ್ನುತ್ತೇವೆ. ಅಪ್ಪನದು 0.7. ಏದುಸಿರು ಶುರುವಾದ ಮೇಲೆ ಕವಾಟ ಬದಲಿಸದೆ ಬಿಟ್ಟರೆ ಉಳಿಯುವ ಕಾಲ ಹೆಚ್ಚಿಲ್ಲ.

ಸಿಕ್ಕ ವಿಮಾನ ಹತ್ತಿ ಊರಿಗೆ ಹೋದೆ. ಹಾಸಿಗೆಯ ಅಂಚಿನಲ್ಲಿ ಕುಳಿತು ಅಪ್ಪನ ಎದೆಗೆ ಸ್ಟೆತಸ್ಕೋಪ್ ಇಟ್ಟೆ. ಅವರೇ ಕೊಡಿಸಿದ್ದು, ಬಿಲ್ಲೆಯನ್ನು ಮತ್ತೆ ಜೋಡಿಸಿ ತಂದಿದ್ದೆ, ನಳಿಕೆಯಲ್ಲಿ ಇನ್ನೂ ಎಂಜಿನ್ ಆಯಿಲಿನ ವಾಸನೆಯಿತ್ತು. ಒರಟಾದ ಮರ್ಮರ ಎದೆಯಿಂದ ಕುತ್ತಿಗೆಯವರೆಗೂ ಕೇಳುತ್ತಿತ್ತು. ವೈದ್ಯಕೀಯ ವಿದ್ಯಾರ್ಥಿಯೂ ಗುರುತಿಸುವಂಥದ್ದು. ಒಂದೂವರೆ ವರ್ಷದ ಹಿಂದೆ ಹತ್ತು ದಿನ ಇದೇ ಮನೆಯಲ್ಲಿದ್ದೆ. ಒಂದು ಮದುವೆ, ಬ್ಯಾಂಕಿನ ಕೆಲಸ, ನೆಂಟರ ಮನೆಗಳು. ಆಗ ಸ್ಟೆತಸ್ಕೋಪ್ ತಂದಿರಲಿಲ್ಲ. ಅದು ಬಂದದ್ದು ಕಾರಿನ ನಂತರ.

"ಯಾಕಪ್ಪಾ ಹೇಳಲಿಲ್ಲ? ದಿನಾ ಕೇಳುತ್ತಿದ್ದೆನಲ್ಲ, ಹೇಗಿದ್ದೀರ ಅಂತ?"

"ಹೇಗಿದೀರ ಅಂದ್ರೆ ಚೆನ್ನಾಗಿದೀನಿ ಅಂತಲೇ ಅಲ್ವೇನೋ ಹೇಳೋದು?" ಎಂದರು. ಉಸಿರು ತೆಗೆದುಕೊಂಡು ನಕ್ಕರು. "ನಿನ್ ಎಂಜಿನ್ ಹೇಗಿದೆ ಅಂತ ನಾನು ಕೇಳಿದ್ನಾ? ತಣ್ಣಗಿದ್ದಾಗ ಹೆಂಗೆ... ಬಿಸಿ ಆದ್ಮೇಲೆ ಹೆಂಗೆ... ಅಂತ ಕೇಳ್ದೆ."

ನನಗೆ ಮಾತು ಹೊರಡಲಿಲ್ಲ.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ, ಎದೆ ತೆರೆಯದೆ, ತೊಡೆಯ ರಕ್ತನಾಳದ ಮೂಲಕ ಹೊಸ ಕವಾಟ ಕೂರಿಸಿದರು. 2002ರಲ್ಲಿ ಫ್ರಾನ್ಸಿನ ಅಲೆನ್ ಕ್ರಿಬಿಯೆ ಮೊದಲ ಬಾರಿ ಮನುಷ್ಯನೊಬ್ಬನಿಗೆ ಮಾಡಿ ತೋರಿಸಿದ ವಿಧಾನವದು. ನಾನು ಕಾಲೇಜಿನಲ್ಲಿ ಓದುವಾಗ ಪಠ್ಯದಲ್ಲಿಲ್ಲದ ವಿದ್ಯೆ ಅಪ್ಪನನ್ನು ಉಳಿಸಿತು. ಮೂರನೆಯ ದಿನ ವಾರ್ಡಿನ ಉದ್ದಕ್ಕೂ ನಡೆದು ಬಂದು, "ಗ್ಯಾಸ್ಕೆಟ್ ಕೂತಿತಾ?" ಎಂದು ಕೇಳಿದರು. ಪ್ರಶ್ನೆ ಯಾರ ಎಂಜಿನ್ನಿನದೆಂದು ಕೇಳಲಿಲ್ಲ.

ಹೊರನಾಡಿನಲ್ಲಿರುವ ನಮ್ಮಲ್ಲಿ ಬಹಳಷ್ಟು ಮಂದಿಗೆ ಅಪ್ಪ ಅಮ್ಮ ಎಂದರೆ ವಾರಕ್ಕೊಮ್ಮೆ ಹೊಳೆಯುವ ಪರದೆ. ಅವರಿಗೆ ನಮ್ಮನ್ನು ಚಿಂತೆಗೀಡುಮಾಡುವ ಮನಸ್ಸಿಲ್ಲ. ನಮಗೆ ಕೆದಕುವ ಧೈರ್ಯವಿಲ್ಲ. ಆದ್ದರಿಂದ ವೈದ್ಯನಾಗಿ ಒಂದು ವಿನಂತಿ. "ಹೇಗಿದ್ದೀರಿ" ಎಂಬುದು ಕುಶಲೋಪರಿ, ಅದೂ ಇರಲಿ. ಅದರ ಜೊತೆಗೆ ಅಂಕಿಯ ಉತ್ತರ ಬರುವ ಪ್ರಶ್ನೆಗಳನ್ನು ಕೇಳಿ. ಎಷ್ಟು ಮೆಟ್ಟಿಲು ಹತ್ತಿದಿರಿ, ನಡುವೆ ಎಷ್ಟು ಸಲ ನಿಂತಿರಿ? ರಾತ್ರಿ ಎಷ್ಟು ದಿಂಬು? ಉಸಿರಿಗಾಗಿ ಎದ್ದು ಕೂತದ್ದುಂಟೇ? ಸಂಜೆಯ ಹೊತ್ತಿಗೆ ಪಾದದ ಮೇಲೆ ಬೆರಳೊತ್ತಿದರೆ ಗುಳಿ ಬೀಳುತ್ತದೆಯೇ? ಈ ವಾರದ ತೂಕವೆಷ್ಟು, ಹೋದ ವಾರದ್ದೆಷ್ಟು? ನಡೆಯುವಾಗ ಎದೆ ಹಿಡಿದುಕೊಂಡಿತೇ, ತಲೆ ಸುತ್ತಿ ಬಿದ್ದಿರೇ? ಉತ್ತರ ತಿಂಗಳಿಂದ ತಿಂಗಳಿಗೆ ಬದಲಾದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಬೇಡಿ. ಹತ್ತಿರದ ವೈದ್ಯರಲ್ಲಿಗೆ ಕಳಿಸಿ. ಹಳೆಯ ಧ್ವನಿಸಂದೇಶಗಳಿದ್ದರೆ ಅಳಿಸದೆ ಇಟ್ಟುಕೊಳ್ಳಿ. ಊರಿಗೆ ಹೋದಾಗ ಒಂದು ಬೆಳಗ್ಗೆ ಅವರ ಜೊತೆ ದೇವಸ್ಥಾನದವರೆಗೆ ನಡೆದು ನೋಡಿ. ಕೆಳಗಿನ ನೆಲ ಅವರಿಗೆ ಕಾಣದಿರಬಹುದು. ಹಿಂದೆ ಓಡಿ, ನೋಡಿ, ದೂರ ಹೇಳುವ ಕೆಲಸ ನಮ್ಮದು.

ಕಾರು ಕಳೆದ ಅಕ್ಟೋಬರಿನಲ್ಲಿ ರಸ್ತೆಗಿಳಿಯಿತು. ಮೊದಲ ಸವಾರಿಗೆ ನೆರೆಯ ಹಿರಿಯರನ್ನು ಕೂರಿಸಿಕೊಂಡು ಬೀಲ್ ನೆಲೆಯತ್ತ ಹೋದೆ. ಬೇಲಿಯ ಹೊರಗಿನ ರಸ್ತೆಯಲ್ಲಿ ಅವರು ಕಿಟಕಿ ಇಳಿಸಿ, ರೇಡಿಯೋ ಇದ್ದ ಜಾಗದ ರಂಧ್ರಗಳ ಮೇಲೆ ಅಂಗೈ ಇಟ್ಟು ಕುಳಿತಿದ್ದರು. ವೇಗ ಮಿತಿಯೊಳಗೇ ಇತ್ತು.

ಒಬ್ಬಟ್ಟಿನ ತಟ್ಟೆ ಹಿಡಿದಿದ್ದ ಹಿರಿಯರಿಗೆ ನನ್ನ ಉತ್ತರ ಇಷ್ಟು. ಸಂಘದ ಮುಂದಿನ ವನಭೋಜನಕ್ಕೆ ಕಾರನ್ನು ತರುತ್ತೇನೆ. ಮಕ್ಕಳು ಒಳಗೆ ಕೂರಬಹುದು, ಹಾರನ್ನೂ ಒತ್ತಬಹುದು. ಆ ರಂಧ್ರಗಳು ಯಾಕೆಂದು ಕೇಳಿದರೆ ಅವರಿಗೆ ಯು-2ರ ಕಥೆ ಹೇಳುತ್ತೇನೆ.

ಪ್ರತಿ ಶನಿವಾರ ರಾತ್ರಿ ಎಂಜಿನ್ ಚಾಲೂ ಮಾಡಿ ಫೋನನ್ನು ಬಾನೆಟ್ಟಿನ ಮೇಲೆ ಹಿಡಿಯುತ್ತೇನೆ. ಹಾಸನದಲ್ಲಿ ಆಗ ಭಾನುವಾರದ ಬೆಳಗು. ಅಪ್ಪ ಆಲಿಸುತ್ತಾರೆ. "ಸರಿಗಿದೆ" ಎನ್ನುತ್ತಾರೆ. ಆಮೇಲೆ ನನ್ನ ಸರದಿ. ಫೋನ್ ಕೈಯಲ್ಲಿ ಹಿಡಿದೇ ಮಹಡಿ ಹತ್ತುತ್ತಾರೆ. ನಾನು ಉಸಿರು ಕೇಳುತ್ತೇನೆ.

"ಹದಿನೆಂಟು" ಎಂದರು ಕಳೆದ ವಾರ, ಮೇಲೆ ನಿಂತು. "ನಡುವೆ ಎಲ್ಲೂ ನಿಂತಿಲ್ಲ, ಬರ್ಕೋ."